ಹಿತ್ತಲಿನ ಕೆಸರು ಮೂಲೆ ಮತ್ತು ಜೇನಿನ ಮೇಲೆ ಬಂದ ಅಪವಾದ (ಭಾಗ 17)

ಮೂರು ನೈಟ್ ಮುಗಿಸಿ ಮಧ್ಯಾಹ್ನದ ತನಕ ಮಲಗಿ ಎದ್ದು ಬರೀತಾ ಇದ್ದೀನಿ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊನ್ನೆ ತೀರ್ಥಹಳ್ಳಿಯಿಂದ ದೊಡ್ಡಮ್ಮನ ಫೋನ್. "ನಿನ್ನಮ್ಮನಿಗೆ ಅಲ್ಲಿ ಜೇನು ಹೊಡೆದು ಆಸ್ಪತ್ರೆಗೆ ಹಾಕಿದ್ರಂತಲ್ಲೇ ಮಾರಾಯ್ತಿ, ನಮಗೊಂದು ಮಾತು ಹೇಳ್ಲಿಲ್ಲ" ಅಂತ ಬೇಜಾರು ಮಾಡ್ಕೊಂಡ್ರು. ಅಮ್ಮ ಊರಿಗೆ ವಾಪಸ್ ಬಂದು ಏಳು ತಿಂಗಳಾಯ್ತು. ಈ ಏಳು ತಿಂಗಳಲ್ಲಿ ಕಥೆ ಒಬ್ಬರ ಬಾಯಿಂದ ಒಬ್ಬರಿಗೆ ದಾಟಿ ಕೊನೆಗೆ ಜೇನಿನ ತಲೆಗೆ ಬಂದು ಕೂತಿದೆ. ಜೇನಿನದ್ದು ಏನೂ ತಪ್ಪಿಲ್ಲ. ತಪ್ಪು ನನ್ನದು. ಅದನ್ನ ಸರಿಯಾಗಿ ಹೇಳ್ಬೇಕು ಅಂದ್ರೆ ನಮ್ಮ ಹಿತ್ತಲಿನ ಕೆಸರು ಮೂಲೆಯಿಂದಲೇ ಶುರು ಮಾಡ್ಬೇಕು.

ನಾವಿರೋದು ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ. ತಗ್ಗು ನೆಲ, ಜಿಗುಟು ಮಣ್ಣು. 2021ರಲ್ಲಿ ಈ ಮನೆ ತಗೊಂಡಾಗ ಬೇಸಿಗೆ, ಹಿತ್ತಲು ಒಣಗಿ ಚೆನ್ನಾಗಿತ್ತು. ನವೆಂಬರ್ ಬಂದಾಗ ಗೊತ್ತಾಯ್ತು, ಬೇಲಿ ಪಕ್ಕದ ಮೂಲೆ, ಸುಮಾರು ನಾಲ್ಕು ಮೀಟರ್‌ಗೆ ಮೂರು ಮೀಟರ್ ಜಾಗ, ಏಪ್ರಿಲ್ ತನಕ ಆರೋದೇ ಇಲ್ಲ ಅಂತ. ಕಾಲಿಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮೇಲೆ. ಬೇಲಿ ಆಚೆ ಒಂದು ಸಣ್ಣ ಹಳ್ಳ ಇದೆ, ಜೋರು ಮಳೆ ಬಂದಾಗ ಅದರ ನೀರೂ ಒಳಗೆ ಬರುತ್ತೆ. ಪಕ್ಕದ ಮನೆ ಅಜ್ಜ ಹೇಳಿದ್ರು, ಈ ಮನೆಗಳು ಏಳೋಕೆ ಮುಂಚೆ ಇದೆಲ್ಲ ದನ ಮೇಯೋ ಒದ್ದೆ ಹುಲ್ಲುಗಾವಲು ಅಂತ.

ನಮ್ಮನೆಯವರಿಗೆ ಅವತ್ತಿಂದಲೇ ಅದನ್ನ ಅಗೆಸಿ, ಪೈಪ್ ಹಾಕಿಸಿ, ಮೇಲೆ ಕಲ್ಲು ಹಾಸಿಸಬೇಕು ಅಂತ ಆಸೆ. ಕೆಲಸದವನು ಬಂದು ನೋಡಿ 2,400 ಪೌಂಡ್ ಅಂದ. ಅಷ್ಟು ದುಡ್ಡು ಆಗ ಇರಲಿಲ್ಲ. ಹಾಗಾಗಿ ಮೂಲೆ ಉಳೀತು, ನನ್ನ ಪರಿಸರ ಪ್ರೇಮದಿಂದ ಅಲ್ಲ!

ಮೊದಲ ವರ್ಷ ನಾನು ಮಾಡಿದ ದಡ್ಡತನ ಅಂದ್ರೆ ಲ್ಯಾವೆಂಡರ್ ನೆಟ್ಟಿದ್ದು. ಜೇನಿಗೆ ಇಷ್ಟ ಅಂತ ಅಂಗಡಿಯಲ್ಲಿ ಬೋರ್ಡ್ ಇತ್ತು, ಆರು ಗಿಡ ತಂದೆ. ಲ್ಯಾವೆಂಡರ್ ಬಿಸಿಲು, ಕಲ್ಲು, ಒಣ ನೆಲದ ಗಿಡ. ನಮ್ಮ ಕೆಸರಲ್ಲಿ ಒಂದೇ ಚಳಿಗಾಲಕ್ಕೆ ಬೇರು ಕೊಳೆತು ಆರೂ ಹೋದವು. ಅಡಿಕೆ ತೋಟದಲ್ಲಿ ಬಸಿಗಾಲುವೆ ಮುಚ್ಚಿದ್ರೆ ಮರಕ್ಕೆ ಏನಾಗುತ್ತೆ ಅಂತ ನೋಡಿಕೊಂಡೇ ಬೆಳೆದವಳು ನಾನು, ಆದ್ರೂ ಮಾಡಿದೆ. ಆಗ ಫೋನಲ್ಲಿ ಅಮ್ಮ ಅಂದಿದ್ದು: "ನೀರು ನಿಲ್ಲೋ ಕಡೆ ಕೆಸು ಹಾಕ್ತಾರೆ, ಸೇವಂತಿಗೆ ಹಾಕ್ತಾರಾ?"

ಸರಿ, ಇಲ್ಲಿನ ಕೆಸು ಯಾವುದು ಅಂತ ಹುಡುಕೋಕೆ ಹೊರಟೆ. ಲೈಬ್ರರಿಯಿಂದ ಪುಸ್ತಕ ತಂದು ಓದಿದಾಗ ಒಂದು ವಿಷಯ ತಿಳೀತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1930ರ ದಶಕದಿಂದ ಐವತ್ತು ವರ್ಷದೊಳಗೆ ಹೂವಿನ ಹುಲ್ಲುಗಾವಲು ನೂರಕ್ಕೆ 97 ಭಾಗ ಹೋಯ್ತಂತೆ. ಉತ್ತು, ಗೊಬ್ಬರ ಹಾಕಿ, ಒದ್ದೆ ಇದ್ದ ಕಡೆ ನೀರು ಬಸಿದು ಹಸಿರು ಮೇವು ಬೆಳೆದರು. ಅಲ್ಲಿದ್ದ ಹೂವು ಹೋದ್ಮೇಲೆ ಅದನ್ನೇ ನಂಬಿದ್ದ ದುಂಬಿಗಳು ಎಲ್ಲಿಗೆ ಹೋಗ್ಬೇಕು? ಅಂದ್ರೆ ನಾವು 2,400 ಪೌಂಡ್ ಕೊಟ್ಟು ತೆಗೆಸಬೇಕು ಅಂತಿದ್ದ ಕೆಸರೇ ಇಲ್ಲಿ ಕಮ್ಮಿಯಾಗಿರೋ ವಸ್ತು.

2023ರ ವಸಂತದಲ್ಲಿ ಕೆಲಸ ಶುರು ಮಾಡಿದೆ. ದೊಡ್ಡ ವಿದ್ಯೆ ಏನಿಲ್ಲ. ಮಣ್ಣನ್ನ ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿದೆ, ರೊಟ್ಟಿ ಹಿಟ್ಟಿನ ಹಾಗೆ ಹೊಳೀತಾ ಉಂಡೆಯಾಯ್ತು. ಅಂದ್ರೆ ನೀರು ತಾನಾಗಿ ನಿಲ್ಲುತ್ತೆ. ಮೇಲ್ಭಾಗ ಮಾತ್ರ ಬೇಸಿಗೆಯಲ್ಲಿ ಬಿರುಕು ಬಿಡ್ತಿತ್ತು, ಅಲ್ಲಿ ಅರ್ಧ ಮೀಟರ್ ಆಳ ಅಗೆದು ಹಳೇ ಕೊಳದ ಪ್ಲಾಸ್ಟಿಕ್ ಹಾಳೆ ಹಾಸಿ, ಫೋರ್ಕಿನಿಂದ ಅಲ್ಲಲ್ಲಿ ತೂತು ಮಾಡಿ, ಅದೇ ಮಣ್ಣಿಗೆ ಎಲೆಗೊಬ್ಬರ ಕಲಸಿ ವಾಪಸ್ ತುಂಬಿದೆ. ತೂತು ಮಾಡದೇ ಇದ್ರೆ ನೀರು ಕೊಳೆತು ನಾರುತ್ತೆ, ಬೇರಿಗೆ ಉಸಿರಿರಲ್ಲ. ನಲ್ಲಿ ನೀರು ಹಾಕಬಾರದು, ಮಳೆನೀರೇ ಒಳ್ಳೇದು, ಅದಕ್ಕೆ ಶೆಡ್ಡಿನ ಮಾಡಿನ ದೋಣಿಯ ಪೈಪನ್ನೇ ಇತ್ತ ತಿರುಗಿಸಿದೆ. ನಡೆಯೋಕೆ ಎರಡು ಹಲಗೆ. ಒದ್ದೆ ಜಿಗುಟು ಮಣ್ಣನ್ನ ತುಳಿದ್ರೆ ಇಟ್ಟಿಗೆ ಆಗುತ್ತೆ.

ಗಿಡಗಳೆಲ್ಲ ಇಲ್ಲಿಯದೇ ನೆಲದವು, ಒಮ್ಮೆ ನೆಟ್ರೆ ವರ್ಷ ವರ್ಷ ಬರೋವು. ಚಳಿಗಾಲದಲ್ಲಿ ಸತ್ತ ಹಾಗೆ ಒಣಗಿ, ವಸಂತದಲ್ಲಿ ಬುಡದಿಂದ ಚಿಗುರುತ್ತವೆ. ಎಲ್ಲಾ ಚಿಕ್ಕ ಕುಂಡದ ಸಸಿಗಳು, ಮೂರು ಮೂರರ ಗುಂಪಾಗಿ ನೆಟ್ಟೆ. ಒಂದೇ ಬಣ್ಣ ಒಟ್ಟಿಗಿದ್ರೆ ದುಂಬಿಗೆ ಹುಡುಕೋ ಕೆಲಸ ಕಮ್ಮಿ.

ಮಾರ್ಚಿನಲ್ಲಿ ಎಲ್ಲಕ್ಕೂ ಮೊದಲು ಅರಳೋದು ಮಾರ್ಷ್ ಮಾರಿಗೋಲ್ಡ್. ಹೆಸರು ನೋಡಿ ಚೆಂಡು ಹೂವು ಅಂದ್ಕೋಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಣ್ಣೆ ಹಚ್ಚಿದ ಹಾಗೆ ಹೊಳೆಯೋ ಹಳದಿ ಹೂವು. ಆಮೇಲೆ ಮೇ ತಿಂಗಳಲ್ಲಿ ರ್ಯಾಗ್ಡ್ ರಾಬಿನ್, ಗುಲಾಬಿ ಬಣ್ಣ, ದಳ ಎಲ್ಲಾ ಹರಿದ ಲಂಗದ ಅಂಚಿನ ಹಾಗೆ. ಜೂನಿನಿಂದ ಪರ್ಪಲ್ ಲೂಸ್‌ಸ್ಟ್ರೈಫ್, ನನ್ನ ಎದೆಯೆತ್ತರದ ನೇರಳೆ ಕೋಲುಗಳು. ಇದರ ಹೂವಿನಲ್ಲಿ ಮೂರು ಜಾತಿ ಇದೆ. ಒಂದು ಗಿಡದ ಹೂವಿನ ನಡುವಿನ ಶಲಾಕೆ ಉದ್ದ, ಇನ್ನೊಂದರದ್ದು ಮಧ್ಯಮ, ಮತ್ತೊಂದರದ್ದು ಗಿಡ್ಡ. ಒಂದು ಜಾತಿಗೆ ಇನ್ನೊಂದು ಜಾತಿಯ ಪರಾಗ ಬಿದ್ದರೇನೇ ಸರಿಯಾಗಿ ಕಾಯಿ ಕಟ್ಟೋದು. ಅದನ್ನ ಹೊತ್ತು ತರೋಕೆ ದುಂಬಿ ಬೇಕು. ಚಾರ್ಲ್ಸ್ ಡಾರ್ವಿನ್ ಇದರ ಮೇಲೇ ಪ್ರಯೋಗ ಮಾಡಿ 1864ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಪ್ರಬಂಧ ಕೊಟ್ಟಿದ್ದ. ನಾನೂ ಮಗಳ ಭೂತಗನ್ನಡಿ ಹಿಡಿದು ನೋಡಿದೆ, ನಮ್ಮ ಮೂರು ಗಿಡದಲ್ಲಿ ಎರಡು ಜಾತಿ ಸಿಕ್ಕಿತು.

ಮೆಡೋಸ್ವೀಟ್ ನನಗೆ ಬೇರೆ ಕಾರಣಕ್ಕೆ ಇಷ್ಟ. ಕೆನೆ ಬಣ್ಣದ ನೊರೆಯಂಥ ಹೂವು, ಬಾದಾಮಿ ಹಾಲಿನ ವಾಸನೆ. ಅದರ ಹಳೇ ಸಸ್ಯಶಾಸ್ತ್ರದ ಹೆಸರು ಸ್ಪೈರಿಯಾ. 1899ರಲ್ಲಿ ಬೇಯರ್ ಕಂಪನಿ ತನ್ನ ಹೊಸ ಮಾತ್ರೆಗೆ ಹೆಸರಿಡುವಾಗ ಈ ಸ್ಪೈರಿಯಾದಿಂದಲೇ ನಡುವಿನ 'ಸ್ಪಿರ್' ತಗೊಂಡು ಆಸ್ಪಿರಿನ್ ಅಂತ ಇಟ್ಟರು. ವಾರ್ಡಲ್ಲಿ ದಿನಾ ಬೆಳಿಗ್ಗೆ ಎಷ್ಟು ಜನಕ್ಕೆ 75 ಮಿಲಿಗ್ರಾಂ ಕೊಟ್ಟಿದ್ದೀನೋ, ಆ ಹೆಸರು ನನ್ನ ಹಿತ್ತಲಲ್ಲಿ ನಿಂತಿದೆ. ಇದರಲ್ಲಿ ಜೇನು ಸಿಗಲ್ಲ, ಬರೀ ಪರಾಗ. ಹೂನೊಣ, ಜೀರುಂಡೆಗಳದ್ದೇ ಜಾತ್ರೆ.

ಕೆಸರಿನಂಚಿಗೆ ಹೆಂಪ್ ಅಗ್ರಿಮನಿ, ಅದು ಚಿಟ್ಟೆಗಳ ಹೋಟೆಲ್. ಕೆಳಗೆ ವಾಟರ್ ಮಿಂಟ್, ಅಂದ್ರೆ ನೀರು ಪುದಿನ. ಇದನ್ನ ಬಿಟ್ರೆ ಮನೆಯೊಳಗೂ ಬರುತ್ತೆ, ತಳವಿಲ್ಲದ ಬಕೆಟಲ್ಲಿ ಹೂತು ನೆಡಬೇಕು. ಕೊನೆಗೆ ಡೆವಿಲ್ಸ್‌ಬಿಟ್ ಸ್ಕೇಬಿಯಸ್, ನೀಲಿ ಗುಂಡಿಯಂಥ ಹೂವು, ಅಕ್ಟೋಬರ್ ತನಕ. ಅದರ ಬೇರು ತುದಿಯಲ್ಲಿ ಕಚ್ಚಿ ತೆಗೆದ ಹಾಗೆ ಮೊಂಡು, ಸೈತಾನ ಸಿಟ್ಟಲ್ಲಿ ಕಚ್ಚಿದ್ದು ಅಂತ ಇಲ್ಲಿನ ಕಥೆ.

ಯೆಲ್ಲೋ ಲೂಸ್‌ಸ್ಟ್ರೈಫ್ ಅಂತ ಇನ್ನೊಂದಿದೆ. ಆ ಹೂವಿನಲ್ಲಿ ಜೇನೇ ಇಲ್ಲ, ಎಣ್ಣೆ ಇದೆ. ಆ ಎಣ್ಣೆಗಂತಲೇ ಬರೋ ಒಂದು ಸಣ್ಣ ಒಂಟಿ ಜೇನು ದಕ್ಷಿಣ ಇಂಗ್ಲೆಂಡಿನ ಒದ್ದೆ ಜಾಗಗಳಲ್ಲಿದೆ. ಎಣ್ಣೆ ಒಯ್ದು ನೆಲದೊಳಗಿನ ಗೂಡಿನ ಗೋಡೆಗೆ ಬಳಿಯುತ್ತೆ, ನೀರು ಒಳಗೆ ಬರಬಾರದು ಅಂತ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ದೋಣಿಗೆ ಎಣ್ಣೆ ಹಚ್ಚಲ್ವಾ, ಹಾಗೆ. ಪ್ರತಿ ಜುಲೈಯಲ್ಲೂ ಕಾಯ್ತೀನಿ, ನಮ್ಮನೆಗೆ ಇನ್ನೂ ಬಂದಿಲ್ಲ.

ಈಗ ತಪ್ಪಿನ ವಿಷಯ. ನಾನು ನೆಡದೇ ಇದ್ದ ಒಂದು ಗಿಡ ಹಳ್ಳದ ಕಡೆಯ ಅಂಚಲ್ಲಿ ತಾನಾಗಿ ಹುಟ್ಟಿತ್ತು. ಪ್ರವಾಹದ ನೀರಲ್ಲಿ ಬೀಜ ಬಂದಿರ್ಬೇಕು. 2024ರ ಬೇಸಿಗೆಯಲ್ಲಿ ಬಿಳಿ ಛತ್ರಿಯಂಥ ಹೂಗೊಂಚಲು ಬಿಟ್ಟಿತು, ಅದರ ತುಂಬ ಹೂನೊಣ. ವೈಲ್ಡ್ ಏಂಜೆಲಿಕಾ ಅಂತ ಒಂದು ಒಳ್ಳೇ ಗಿಡ ಇದೆ, ಅದೇ ಇದು ಅಂತ ನಾನೇ ತೀರ್ಮಾನ ಮಾಡಿ, ಖುಷಿಪಟ್ಟು, ಸುಮ್ಮನಿದ್ದೆ. ಎಲೆ ಹಿಡಿದು, ಕಾಂಡ ನೋಡಿ, ಪುಸ್ತಕದ ಜೊತೆ ಹೋಲಿಸಲಿಲ್ಲ. ಡ್ಯೂಟಿಯಲ್ಲಿ ಒಂದು ಪ್ಯಾರಸಿಟಮಾಲ್ ಕೊಡೋಕೆ ಹೆಸರು, ಹುಟ್ಟಿದ ತಾರೀಖು, ಕೈಪಟ್ಟಿ ಮೂರೂ ನೋಡೋಳು ನಾನು.

ಹೋದ ವರ್ಷ ಮಾರ್ಚ್ ಕೊನೆಯಲ್ಲಿ ಅಮ್ಮ ಬಂದರು. ಇಲ್ಲಿ ಬೇರೆ ಗಿಡ ಎಲ್ಲ ಇನ್ನೂ ಮಣ್ಣೊಳಗೆ ಮಲಗಿರೋ ಕಾಲ, ಆದ್ರೆ ಆ ಗಿಡ ಮಾತ್ರ ಮೊಣಕಾಲೆತ್ತರ ಹಚ್ಚಗೆ, ಕೊತ್ತಂಬರಿಗೂ ಸೆಲರಿಗೂ ಹುಟ್ಟಿದ ಮಗುವಿನ ಹಾಗೆ. ಅಮ್ಮ ಬಂದ ಎರಡನೇ ದಿನ ಹಿತ್ತಲು ತೋರಿಸ್ತಾ ನಾನು ಹೆಮ್ಮೆಯಿಂದ ಅಂದೆ, "ಇದೆಲ್ಲ ನಾನೇ ನೆಟ್ಟಿದ್ದು ಅಮ್ಮ, ಒಂದೂ ಕಳೆ ಇಲ್ಲ."

ನಾಲ್ಕನೇ ದಿನ ನೈಟ್ ಮುಗಿಸಿ ಎಂಟೂವರೆಗೆ ಬಾಗಿಲು ತೆಗೆದರೆ ಒಗ್ಗರಣೆಗೆ ಎಣ್ಣೆ ಕಾಯ್ತಾ ಇದೆ. ಅಮ್ಮ ಸೊಪ್ಪು ಹೆಚ್ಚಿ ಮುಗಿಸಿದ್ದಾರೆ. "ಎಂತ ಘಮ ನೋಡೇ, ನೀನು ಸೊಪ್ಪು ಬೆಳೆಸಿ ಬರೀ ನೊಣಕ್ಕೆ ಇಟ್ಟಿದ್ದೀಯ" ಅಂತ ನಗ್ತಾ ಇದ್ದಾರೆ. ಸಿಂಕಿನ ಪಕ್ಕ ತೊಳೆದಿಟ್ಟ ಗೆಡ್ಡೆಗಳು, ಬೆಳ್ಳಗೆ, ದಪ್ಪ ಬೆರಳಿನ ಗೊಂಚಲು. ಮಣೆಯ ಮೇಲೆ ಕಾಂಡ ಕತ್ತರಿಸಿದ ಕಡೆ ರಸ ಹಳದಿಯಾಗಿತ್ತು.

ಆ ಬೇರಿನ ಚಿತ್ರ ನಾನು ಪುಸ್ತಕದ ಎಚ್ಚರಿಕೆ ಪುಟದಲ್ಲಿ ನೋಡಿದ್ದೆ. ಹೆಮ್‌ಲಾಕ್ ವಾಟರ್ ಡ್ರಾಪ್‌ವರ್ಟ್. ಈ ದೇಶದ ಅತಿ ವಿಷದ ಗಿಡಗಳಲ್ಲಿ ಒಂದು. ಹಳ್ಳಿಯವರು ಆ ಬೇರಿಗೆ ಸತ್ತವನ ಬೆರಳು ಅಂತಾರೆ. ಎಲ್ಲಾ ಭಾಗವೂ ವಿಷ, ಬೇರು ಎಲ್ಲಕ್ಕಿಂತ ಜಾಸ್ತಿ. ಮಿದುಳಿನಲ್ಲಿ ನರಗಳನ್ನ ಹತೋಟಿಯಲ್ಲಿಡೋ ವ್ಯವಸ್ಥೆಯನ್ನೇ ತಡೆದು ಫಿಟ್ಸ್ ತರುತ್ತೆ. ಪ್ರತಿವಿಷ ಇಲ್ಲ, ಬಂದ ಲಕ್ಷಣಕ್ಕೆ ಚಿಕಿತ್ಸೆ ಅಷ್ಟೇ. ಮೋಸ ಏನು ಅಂದ್ರೆ ವಾಸನೆ ಕೆಟ್ಟದ್ದಲ್ಲ, ಕಹಿಯಾಗಿ ಉಗಿಯೋ ಹಾಗೂ ಇರಲ್ಲ.

ಸ್ಟವ್ ಆರಿಸಿದೆ. "ಅಮ್ಮ, ತಿಂದ್ಯಾ?"

"ಒಂದು ಎಲೆ ತುದಿ ಬಾಯಿಗೆ ಹಾಕಿ ನೋಡ್ದೆ. ಯಾಕೆ, ಎಂತ ಆಯ್ತೇ?"

"ನುಂಗಿದ್ಯಾ?"

"ನೆನಪಿಲ್ಲ ಮಾರಾಯ್ತಿ, ಒಂದು ಎಲೆಗೆ ಇಷ್ಟೆಲ್ಲ ಎಂತಕ್ಕೆ."

ನಮ್ಮನೆಯವರು ಲ್ಯಾಪ್‌ಟಾಪ್ ಮುಚ್ಚಿ ಕಾರ್ ತೆಗೆದರು. ಬೇರು, ಎಲೆ ಒಂದೊಂದು ಕವರಿಗೆ ಹಾಕ್ಕೊಂಡೆ. (ಇದನ್ನ ಎಲ್ಲರೂ ನೆನಪಿಡಿ, ಏನು ತಿಂದ್ರೋ ಅದರ ತುಂಡು ಜೊತೆಗೆ ಒಯ್ಯಬೇಕು, ಡಾಕ್ಟರಿಗೆ ಅರ್ಧ ಕೆಲಸ ಉಳಿಯುತ್ತೆ.) ಎಮರ್ಜೆನ್ಸಿಯಲ್ಲಿ ಡಾಕ್ಟರ್ ವಿಷದ ಮಾಹಿತಿಯ ಟಾಕ್ಸ್‌ಬೇಸ್ ತೆಗೆದು ನೋಡಿ, ಮಾನಿಟರ್ ಹಾಕಿ, ಸಂಜೆ ತನಕ ಇಟ್ಟುಕೊಂಡರು. ನಾನು ಯೂನಿಫಾರ್ಮ್ ಕೂಡ ಬದಲಾಯಿಸಿರಲಿಲ್ಲ. ಎಷ್ಟು ಜನರ ಪಕ್ಕ ಹೀಗೆ ನಿಂತಿದ್ದೀನಿ, ಆದ್ರೆ ಆ ಹಸಿರು ಗೆರೆಯನ್ನ ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ಯಾವತ್ತೂ ನೋಡಿರಲಿಲ್ಲ. ಅಮ್ಮ ಮಾತ್ರ ಮಧ್ಯಾಹ್ನಕ್ಕೆ ಕೊಟ್ಟ ಸ್ಯಾಂಡ್‌ವಿಚ್ ಬಗ್ಗೆ ದೂರು ಹೇಳ್ತಾ ಇದ್ದರು. ಏನೂ ಆಗಲಿಲ್ಲ. ಆರು ಗಂಟೆಗೆ ಮನೆಗೆ ಬಂದ್ವಿ. ಆಸ್ಪತ್ರೆಯ ಕಥೆ ಇಷ್ಟೇ ದೊಡ್ಡಮ್ಮ, ಒಂದು ಜೇನೂ ಹತ್ತಿರ ಬಂದಿಲ್ಲ.

ಅವತ್ತು ರಾತ್ರಿ ನಮ್ಮನೆಯವರು ಜೋರು ಮಾಡಲಿಲ್ಲ, ಅದೇ ನನಗೆ ಹೆದರಿಕೆ. ಮೆಲ್ಲಗೆ, "ಆ ಪೈಪಿನವನಿಗೆ ಶನಿವಾರ ಬರೋಕೆ ಹೇಳ್ತೀನಿ" ಅಂದರು. ನಾನು ಆಯ್ತು ಅಂದೆ. ನಿಜವಾಗಿ ಅಂದೆ. ಎಂಟು ವರ್ಷದ ಮಗಳು ಅದೇ ಮೂಲೆಯಲ್ಲಿ ಆಡ್ತಾಳೆ. ಯಾವ ಹೂನೊಣವೂ ಅಷ್ಟು ಮುಖ್ಯ ಅಲ್ಲ.

ಬೇಡ ಅಂದಿದ್ದು ಅಮ್ಮ. "ನಮ್ಮ ತೋಟದ ಬಸಿಗಾಲುವೆ ತುಂಬ ಕಾಡು ಕೆಸು ಇದೆ. ತಿಂದ್ರೆ ಗಂಟಲು ತುರಿಸಿ ಸಾಯ್ಬೇಕು. ಹಾಗಂತ ತೋಟ ಮುಚ್ಚಿದ್ವಾ ಅಳಿಯಂದ್ರೇ? ಯಾವ್ದು ಪತ್ರೊಡೆಗೆ, ಯಾವ್ದು ಅಲ್ಲ ಅಂತ ಇವಳಿಗೆ ಮೂರು ವರ್ಷಕ್ಕೆ ಕಲಿಸಿದ್ದೆ. ಇಲ್ಲಿದು ನನಗೆ ಯಾರೂ ಕಲಿಸಿರ್ಲಿಲ್ಲ." ಅತ್ತೆ ಹೀಗಂದ ಮೇಲೆ ಅವರು ಫೋನ್ ಕೆಳಗಿಟ್ಟರು.

ಶನಿವಾರ ನಾನು, ಅವರು ದಪ್ಪ ಕೈಗವಸು ಹಾಕಿ ಬೇಲಿ ಒಳಗಿದ್ದ ಆ ಗಿಡಗಳನ್ನ ಬೇರು ಸಮೇತ ಅಗೆದು ಎರಡೆರಡು ಚೀಲದಲ್ಲಿ ಕಟ್ಟಿದ್ವಿ. ಒಟ್ಟು ನಾಲ್ಕು ಬುಡ. ಬೇಲಿಯ ತಳಕ್ಕೆ ಸಣ್ಣ ಕಣ್ಣಿನ ಜಾಲರಿ ಹಾಕಿದ್ವಿ. ಅಮ್ಮ ಮತ್ತು ಮಗಳು ಕೂತು ಐಸ್‌ಕ್ಯಾಂಡಿ ಕಡ್ಡಿಯ ಮೇಲೆ ಹೆಸರು ಬರೆದರು. ಒಂದು ಕಡೆ ಮಗಳ ಇಂಗ್ಲಿಷ್, ಇನ್ನೊಂದು ಕಡೆ ಅಮ್ಮನ ಕನ್ನಡ: ಎಣ್ಣೆ ಹಳದಿ, ಹರಿದ ಲಂಗ, ನೇರಳೆ ಕೋಲು, ಮಾತ್ರೆ ಹೂವು. ಕೆಂಪು ಶಾಯಿಯಲ್ಲಿ "ತಿನ್ನಬಾರದು" ಅಂತ ಎಣ್ಣೆ ಹಳದಿಗೆ, ಯಾಕಂದ್ರೆ ಮಾರ್ಷ್ ಮಾರಿಗೋಲ್ಡ್ ಕೂಡ ಹೊಟ್ಟೆಗೆ ಒಳ್ಳೇದಲ್ಲ. "ತಿನ್ನಬಹುದು" ಅಂತ ನೀರು ಪುದಿನ ಒಂದಕ್ಕೇ. ಅದರಲ್ಲಿ ಅಮ್ಮ ಚಟ್ನಿ ಮಾಡಿ, ಇದು ನಮ್ಮೂರ ಪುದಿನಕ್ಕಿಂತ ಜೋರು ಅಂತ ಸರ್ಟಿಫಿಕೇಟ್ ಕೊಟ್ಟರು.

ಆಮೇಲೆ ಬೇಸಿಗೆ ಪೂರ್ತಿ ಅಮ್ಮನ ಕುರ್ಚಿ ಹಲಗೆಯ ತುದಿಯಲ್ಲಿ. ಇಲ್ಲಿನ ಬಂಬಲ್‌ಬೀಗೆ ಅಮ್ಮ ಇಟ್ಟ ಹೆಸರು ಕರಡಿ ದುಂಬಿ. ಮೈತುಂಬ ರೋಮ, ನಮ್ಮ ತುಡುವೆಗಿಂತ ನಾಲ್ಕು ಪಟ್ಟು ದಪ್ಪ. ಬ್ರಿಟನ್ನಿನಲ್ಲಿ ಇವು 24 ಜಾತಿ ಇವೆ. ಬಾಲದ ಬಣ್ಣ ನೋಡಿ ಗುರುತು ಹಿಡಿಯೋದು, ಅಮ್ಮ ನಾಲ್ಕನ್ನ ಕಲಿತರು. ತುಡುವೆ ಚಳಿಗೆ ಜೇನು ಕೂಡಿಟ್ಟುಕೊಂಡು ಇಡೀ ಸಂಸಾರ ಉಳಿಯುತ್ತಲ್ಲ, ಇವು ಹಾಗಲ್ಲ. ಶರತ್ಕಾಲಕ್ಕೆ ಹಳೇ ರಾಣಿ, ಕೆಲಸದವು, ಗಂಡು ಎಲ್ಲ ಸಾಯ್ತವೆ. ಬಸುರಾದ ಹೊಸ ರಾಣಿಗಳು ಮಾತ್ರ ಒಂದೊಂದೇ ಮಣ್ಣೊಳಗೆ ಮಲಗಿ ವಸಂತಕ್ಕೆ ಎದ್ದು ಹೊಸ ಮನೆ ಹೂಡ್ತವೆ. ಮಲಗೋ ಮುಂಚೆ ಹೊಟ್ಟೆ ತುಂಬ ಉಣ್ಣೋಕೆ ಸೆಪ್ಟೆಂಬರಿನ ಹೂವು ಬೇಕು, ಎದ್ದ ಮೇಲೆ ಮಾರ್ಚಿನ ಹೂವು ಬೇಕು. ನಾನು ಸ್ಕೇಬಿಯಸ್ಸನ್ನೂ ಮಾರಿಗೋಲ್ಡನ್ನೂ ಬಿಡದೇ ನೆಟ್ಟಿದ್ದು ಅದಕ್ಕೇ. "ಒಬ್ಬಳೇ ಹೋಗಿ ಮಲಗಿ, ಒಬ್ಬಳೇ ಎದ್ದು ಸಂಸಾರ ಕಟ್ಟೋದಾ?" ಅಂತ ಅಮ್ಮ ನನ್ನ ಮುಖ ನೋಡಿದರು. ನಾನು ಕಾಫಿ ಮಾಡೋಕೆ ಎದ್ದು ಹೋದೆ.

ಸೆಪ್ಟೆಂಬರ್ ಮಧ್ಯದಲ್ಲಿ ಅಮ್ಮ ಹೊರಟರು. ಅಕ್ಟೋಬರಿನಲ್ಲಿ ನಮ್ಮನೆಯವರು ಒಣಗಿದ ಕಡ್ಡಿ ಎಲ್ಲ ಕತ್ತರಿಸಿ ಚೊಕ್ಕ ಮಾಡೋಕೆ ಹೋದ್ರು, ತಡೆದೆ. ಟೊಳ್ಳು ಕಾಂಡದಲ್ಲಿ, ಎಲೆಕಸದಲ್ಲಿ ಎಷ್ಟೋ ಹುಳ ಚಳಿಗಾಲ ಕಳೀತವೆ. ಕತ್ತರಿಸೋದು ಮಾರ್ಚಿಗೆ.

ಈ ಮಾರ್ಚಿನಲ್ಲಿ ಕತ್ತರಿಸುವಾಗ ಹಳ್ಳದ ಕಡೆ ಅಂಚಲ್ಲಿ ಮತ್ತೆ ಎರಡು ಹಚ್ಚಗಿನ ಮೊಳಕೆ. ಜಾಲರಿ ದಾಟಿ ಬಂದಿವೆ. ಈ ಸಲ ಮಗಳೇ ಮೊದಲು ನೋಡಿ, ಮುಟ್ಟದೆ, ಓಡಿ ಬಂದು ಹೇಳಿದಳು.

ಕೊನೆಗೆ ಎರಡು ಉತ್ತರ. ಮಿನ್ನೆಸೋಟಾದ ಚಿಕ್ಕಪ್ಪನ ಮಗಳಿಗೆ: ನೇರಳೆ ಕೋಲಿನ ಬೀಜ ಕೇಳಿದ್ದೀಯ, ಕಳಿಸಲ್ಲ. ಇಲ್ಲಿ ಸಾಧು, ಅಲ್ಲಿ ಅದು ಹೊರಗಿಂದ ಬಂದು ಜೌಗು ನೆಲ ಪೂರ್ತಿ ಆಕ್ರಮಿಸಿರೋ ಕಳೆ, ನೆಡೋದೇ ಕಾನೂನಿಗೆ ವಿರುದ್ಧ. ನಿನ್ನ ಒದ್ದೆ ಜಾಗಕ್ಕೆ ಅಲ್ಲಿಯದೇ ಸ್ವಾಂಪ್ ಮಿಲ್ಕ್‌ವೀಡ್ ಹಾಕು, ಮೊನಾರ್ಕ್ ಚಿಟ್ಟೆಯ ಹುಳಕ್ಕೆ ಅದರ ಎಲೆಯೇ ಊಟ. ಅದರ ಹಾಲು ಕೂಡ ವಿಷ, ಮಗುಗೆ ಹೇಳಿಕೊಡು. ದೊಡ್ಡಮ್ಮನಿಗೆ: ನಿಮ್ಮ ಬಚ್ಚಲು ನೀರು ಹರಿಯೋ ಕಡೆ ಇರೋ ಒಂದೆಲಗಕ್ಕೆ ಸಿಮೆಂಟ್ ಹಾಕಿಸ್ತೀರಂತೆ ಅಂತ ಅಮ್ಮ ಹೇಳಿದ್ರು. ನಾನು ಡಿಸೆಂಬರಿನಲ್ಲಿ ಬರ್ತೀನಿ, ತಂಬುಳಿ ಉಂಡ ಮೇಲೆ ಹಾಕಿಸಿ.

ನಾಳೆಯಿಂದ ಮತ್ತೆ ನಾಲ್ಕು ಡ್ಯೂಟಿ. ಫೋಟೋದಲ್ಲಿ ಹಳದಿ ಹೂವಿನ ಮೇಲೆ ಕೂತಿರೋದು ಕರಡಿ ದುಂಬಿಯ ರಾಣಿ, ನಿನ್ನೆ ಬೆಳಿಗ್ಗೆ ಬಂದಿದ್ದು. ಪಕ್ಕದ ಕಡ್ಡಿಯಲ್ಲಿ ಅಮ್ಮನ ಅಕ್ಷರ ಮಳೆಗೆ ಸ್ವಲ್ಪ ಮಾಸಿದೆ.